ಕುದುರೆಮುಖದ ಗಣಿ ವಿದೇಶಿ ಕಂಪನಿಯದ್ದಾಗಿದ್ದರೆ?

2005ರ ಡಿಸೆಂಬರ್ 31ಕ್ಕೆ ಕುದುರೆಮುಖದ ಕಬ್ಬಿಣದ ಅದಿರಿನ ಗಣಿ ನಿಂತಿತು. 2002ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಗಡುವು ಅಂದಿಗೆ ಮುಗಿದಿತ್ತು. ಗಣಿ ಇದ್ದದ್ದು ರಾಷ್ಟ್ರೀಯ ಉದ್ಯಾನದ ಕಾಡಿನಲ್ಲಿ, ಭದ್ರೆಯ ನೆತ್ತಿಯ ಮೇಲೆ. 30 ವರ್ಷದ ಗುತ್ತಿಗೆ 1999ರಲ್ಲೇ ತೀರಿದ್ದರೂ ತಾತ್ಕಾಲಿಕ ಅನುಮತಿಗಳ ಆಸರೆಯಲ್ಲಿ ಕೆಲಸ ಮುಂದುವರಿದಿತ್ತು. ನಿವೃತ್ತ ಅರಣ್ಯಾಧಿಕಾರಿ ಕೆ.ಎಂ. ಚಿಣ್ಣಪ್ಪನವರ ಹೆಸರಿನಲ್ಲಿ ದಾಖಲಾದ ಪ್ರಕರಣ ಅದಕ್ಕೆ ತೆರೆ ಎಳೆಯಿತು.

ತೀರ್ಪು ಎಲ್ಲರಿಗೂ ಹಿಡಿಸಲಿಲ್ಲ. ಕೆಲಸ ಕಳೆದುಕೊಂಡವರಿದ್ದರು, ಕ್ವಾರ್ಟರ್ಸ್ ಖಾಲಿ ಮಾಡಿ ಮಕ್ಕಳ ಶಾಲೆ ಬಿಡಿಸಿಕೊಂಡು ಹೊರಟವರಿದ್ದರು, ಆ ಊರಿನ ಸಂಬಳವನ್ನೇ ನೆಚ್ಚಿಕೊಂಡಿದ್ದ ಸುತ್ತಲಿನ ಅಂಗಡಿಯವರಿದ್ದರು. ನದಿಯ ಮೂಲ ಉಳಿಯಿತಲ್ಲ ಎಂದು ಸಮಾಧಾನಪಟ್ಟವರೂ ಇದ್ದರು. ಯಾರ ಪಕ್ಷ ಸರಿ ಎನ್ನುವುದು ಬೇರೆ ಮಾತು. ಆ ವ್ಯಾಜ್ಯ ನಮ್ಮ ಸಂಸತ್ತು ಮಾಡಿದ ಕಾನೂನಿನ ಕೆಳಗೆ, ನಮ್ಮ ನ್ಯಾಯಾಲಯದಲ್ಲಿ ನಡೆಯಿತು. ಗಣಿ ನಡೆಸುತ್ತಿದ್ದದ್ದು ಕೇಂದ್ರ ಸರ್ಕಾರದ್ದೇ ಕಂಪನಿ. ಹಾಗಾಗಿ ಸುಪ್ರೀಂ ಕೋರ್ಟಿನ ಮಾತೇ ಕೊನೆಯ ಮಾತಾಯಿತು.

ಅದೇ ಗಣಿ ನೆದರ್‌ಲೆಂಡ್ಸ್‌ನಲ್ಲೋ ಮಾರಿಷಸ್‌ನಲ್ಲೋ ನೋಂದಣಿಯಾದ ಕಂಪನಿಯ ಕೈಯಲ್ಲಿದ್ದಿದ್ದರೆ? ಇದು ಗಾಳಿಯಲ್ಲಿ ಹುಟ್ಟಿದ ಪ್ರಶ್ನೆಯಲ್ಲ. ಈ ಯೋಜನೆಯ ಆರಂಭದಲ್ಲೇ ವಿದೇಶಿ ಹಣವಿತ್ತು. 1975ರಲ್ಲಿ ಇರಾನ್ 63 ಕೋಟಿ ಡಾಲರ್ ಸಾಲ ಕೊಟ್ಟು ಅದಿರು ಕೊಳ್ಳಲು ಒಪ್ಪಿತ್ತು; ಅಲ್ಲಿ ಕ್ರಾಂತಿಯಾದ ಮೇಲೆ ಹಿಂದೆ ಸರಿಯಿತು. ಹಾಗಿಲ್ಲದೆ 1990ರ ದಶಕದಲ್ಲಿ ಖಾಸಗಿ ವಿದೇಶಿ ಕಂಪನಿಯೊಂದು ಬಂದು ಗಣಿ ನಡೆಸುತ್ತಿದ್ದರೆ, ಸುಪ್ರೀಂ ಕೋರ್ಟ್ ಬಾಗಿಲು ಮುಚ್ಚಿದ ಮೇಲೂ ಅದಕ್ಕೆ ಇನ್ನೊಂದು ಬಾಗಿಲು ತೆರೆದೇ ಇರುತ್ತಿತ್ತು. ಭಾರತ ದೇಶವನ್ನೇ ಪ್ರತಿವಾದಿ ಮಾಡಿ, ಹೇಗ್‌ನಲ್ಲೋ ಲಂಡನ್‌ನಲ್ಲೋ ಸಿಂಗಪುರದಲ್ಲೋ ಕೂರುವ ಮೂವರು ಮಧ್ಯಸ್ಥಗಾರರ ಮುಂದೆ ಅದು ಪರಿಹಾರ ಕೇಳಬಹುದಿತ್ತು. ಕಳಸದವರಿಗೆ, ಬಾಳೆಹೊಳೆಯವರಿಗೆ ಅಲ್ಲಿ ಹಾಜರಾಗುವ ಹಕ್ಕೇ ಇರುತ್ತಿರಲಿಲ್ಲ.

ಈ ಎರಡನೇ ಬಾಗಿಲಿನ ಹೆಸರು ಅಂತರರಾಷ್ಟ್ರೀಯ ಹೂಡಿಕೆ ಕಾನೂನು. ಮಲೆನಾಡಿನ ಊರುಗಳಿಗೂ ಇದಕ್ಕೂ ಏನು ಸಂಬಂಧ ಎಂದು ಕೇಳುವವರಿದ್ದಾರೆ. ನೆಲ, ನೀರು, ಕಾಡು, ಗಣಿ, ತೆರಿಗೆ, ತಂಬಾಕು ಎಲ್ಲವೂ ಇದರ ವ್ಯಾಪ್ತಿಗೆ ಬರುತ್ತವೆ. ಹಾಸನದಿಂದ ನಿಯಂತ್ರಿಸುವ ಒಂದು ಉಪಗ್ರಹವೂ ಇದರಲ್ಲಿ ಸಿಕ್ಕಿಕೊಂಡಿದೆ. ಅದರ ಕಥೆ ಮುಂದೆ ಬರುತ್ತದೆ.

ಎರಡು ದೇಶಗಳ ನಡುವಿನ ಕಾಗದ

ವ್ಯವಸ್ಥೆಯ ಬೇರು ದ್ವಿಪಕ್ಷೀಯ ಹೂಡಿಕೆ ಒಪ್ಪಂದಗಳಲ್ಲಿದೆ. ಮೊದಲನೆಯದು 1959ರಲ್ಲಿ ಪಶ್ಚಿಮ ಜರ್ಮನಿ ಮತ್ತು ಪಾಕಿಸ್ತಾನದ ನಡುವೆ ಆಯಿತು. ಆಗಷ್ಟೇ ವಸಾಹತುಗಳು ಸ್ವತಂತ್ರವಾಗುತ್ತಿದ್ದವು. ಹೊಸ ಸರ್ಕಾರಗಳು ತಮ್ಮ ಕಾರ್ಖಾನೆ, ಗಣಿ, ಎಣ್ಣೆ ಬಾವಿಗಳನ್ನು ರಾಷ್ಟ್ರೀಕರಣ ಮಾಡಿಬಿಟ್ಟಾವು ಎಂಬ ಭಯ ಶ್ರೀಮಂತ ದೇಶಗಳ ಉದ್ಯಮಿಗಳಿಗಿತ್ತು. ‘ನಿಮ್ಮ ಹೂಡಿಕೆದಾರರಿಗೆ ನಮ್ಮ ನೆಲದಲ್ಲಿ ಇಂತಿಂಥ ರಕ್ಷಣೆ ಕೊಡುತ್ತೇವೆ’ ಎಂದು ಒಂದು ದೇಶ ಇನ್ನೊಂದಕ್ಕೆ ಬರೆದುಕೊಟ್ಟ ಮಾತೇ ಈ ಒಪ್ಪಂದ. 1965ರಲ್ಲಿ ವಿಶ್ವ ಬ್ಯಾಂಕಿನ ಆಶ್ರಯದಲ್ಲಿ ಇಂಥ ವ್ಯಾಜ್ಯಗಳಿಗಾಗಿಯೇ ವಾಷಿಂಗ್ಟನ್ನಿನಲ್ಲಿ ಒಂದು ಕೇಂದ್ರ ಸ್ಥಾಪಿಸುವ ಒಡಂಬಡಿಕೆ ಆಯಿತು. ಭಾರತ ಅದಕ್ಕೆ ಇವತ್ತಿಗೂ ಸೇರಿಲ್ಲ. ಆದರೆ ಉದಾರೀಕರಣದ ನಂತರ, 1994ರಲ್ಲಿ ಬ್ರಿಟನ್ನಿನೊಂದಿಗೆ ಶುರುಮಾಡಿ, ಹತ್ತಾರು ದೇಶಗಳೊಂದಿಗೆ ಒಪ್ಪಂದಗಳಿಗೆ ಸಹಿ ಹಾಕುತ್ತಾ ಹೋಯಿತು.

ಸಹಿ ಹಾಕಿದವರು ಯಾರು ಎನ್ನುವುದು ಇಲ್ಲಿ ಮುಖ್ಯ. ನಮ್ಮ ಸಂವಿಧಾನದಲ್ಲಿ ಅಂತರರಾಷ್ಟ್ರೀಯ ಒಪ್ಪಂದ ಮಾಡಿಕೊಳ್ಳುವುದು ಕೇಂದ್ರ ಸರ್ಕಾರದ ಕಾರ್ಯಾಂಗದ ಅಧಿಕಾರ. ಅದನ್ನು ಜಾರಿಮಾಡಲು ದೇಶದ ಕಾನೂನು ಬದಲಾಗಬೇಕಿದ್ದರೆ ಸಂಸತ್ತಿಗೆ 253ನೇ ವಿಧಿಯಡಿ ಅಧಿಕಾರವಿದೆ. ಕಾನೂನು ಬದಲಾಗಬೇಕಿಲ್ಲದಿದ್ದರೆ ಸಂಸತ್ತಿನ ಒಪ್ಪಿಗೆಯೂ ಬೇಕಿಲ್ಲ. ಹೂಡಿಕೆ ಒಪ್ಪಂದಗಳು ಆದದ್ದು ಹೀಗೆಯೇ. ಲೋಕಸಭೆಯಲ್ಲಿ ಮತಕ್ಕೆ ಹಾಕಲಿಲ್ಲ. ಭೂಮಿ, ನೀರು, ಕೃಷಿ ರಾಜ್ಯಗಳ ವಿಷಯವಾಗಿದ್ದರೂ ವಿಧಾನಸಭೆಗಳನ್ನು ಯಾರೂ ಕೇಳಲಿಲ್ಲ. ಆದರೆ ರಾಜ್ಯ ಸರ್ಕಾರವಾಗಲಿ, ಗ್ರಾಮ ಪಂಚಾಯ್ತಿಯಾಗಲಿ, ಹೈಕೋರ್ಟ್ ಆಗಲಿ ಮಾಡಿದ್ದನ್ನೆಲ್ಲ ಈ ಕಾನೂನು ‘ಭಾರತ ಮಾಡಿದ್ದು’ ಎಂದೇ ಎಣಿಸುತ್ತದೆ. ಪಂಚಾಯ್ತಿಯ ಠರಾವಿಗೂ ಹೊಣೆ ದೇಶದ್ದೇ.

ನಮ್ಮ ಒಪ್ಪಂದಗಳಲ್ಲಿದ್ದ ವಾಗ್ದಾನಗಳು ಮೇಲ್ನೋಟಕ್ಕೆ ಸಾಧುವಾಗಿಯೇ ಕಾಣುತ್ತವೆ. ಪರಿಹಾರ ಕೊಡದೆ ಆಸ್ತಿ ಕಿತ್ತುಕೊಳ್ಳಬಾರದು. ದೇಶೀಯರಿಗಿಂತ ಕೀಳಾಗಿ ನಡೆಸಿಕೊಳ್ಳಬಾರದು. ಬೇರೆ ದೇಶದವರಿಗೆ ಕೊಟ್ಟ ಅನುಕೂಲವನ್ನು ಇವರಿಗೂ ಕೊಡಬೇಕು. ನ್ಯಾಯಯುತವಾಗಿ, ನಿಷ್ಪಕ್ಷಪಾತವಾಗಿ ನಡೆದುಕೊಳ್ಳಬೇಕು. ಇದರಲ್ಲಿ ತಪ್ಪೇನಿದೆ? ಮಾತುಗಳಲ್ಲಿ ತಪ್ಪಿಲ್ಲ. ಅವುಗಳಿಗೆ ಅರ್ಥ ಹೇಳುವ ಅಧಿಕಾರ ಯಾರ ಕೈಗೆ ಹೋಯಿತು ಎಂಬಲ್ಲಿ ತೊಡಕಿದೆ.

‘ಕಿತ್ತುಕೊಳ್ಳುವುದು’ ಎಂದರೆ ಜಮೀನಿಗೆ ಬೀಗ ಹಾಕುವುದಷ್ಟೇ ಅಲ್ಲ, ಹೊಸ ಕಾನೂನಿನಿಂದ ಹೂಡಿಕೆಯ ಬೆಲೆಯೇ ಹೋದರೆ ಅದೂ ಪರೋಕ್ಷ ಸ್ವಾಧೀನ ಎಂದು ಮಧ್ಯಸ್ಥಗಾರರು ಹಲವು ಸಲ ಹೇಳಿದ್ದಾರೆ. ‘ನ್ಯಾಯಯುತ ನಡವಳಿಕೆ’ ಇನ್ನೂ ಹಿಗ್ಗಿತು. ಹೂಡಿಕೆ ಮಾಡುವಾಗ ಇದ್ದ ಕಾನೂನು, ಅಧಿಕಾರಿಗಳು ಕೊಟ್ಟ ಭರವಸೆ ಇವುಗಳ ಮೇಲೆ ಕಂಪನಿ ಇಟ್ಟುಕೊಂಡ ನ್ಯಾಯಸಮ್ಮತ ನಿರೀಕ್ಷೆಯನ್ನೂ ಸರ್ಕಾರ ಕಾಯಬೇಕು ಎಂದಾಯಿತು. ನಮ್ಮಲ್ಲಿ ತೋಟದ ಕಾಳುಮೆಣಸಿನ ಫಸಲನ್ನು ಗುತ್ತಿಗೆಗೆ ಕೊಡುತ್ತಾರೆ. ಮಾಲೀಕರು ಕಾಫಿ ಕುಡಿಯುತ್ತಾ ‘ಬರೋ ವರ್ಷನೂ ನಿಂಗೇ ಕಣಯ್ಯ’ ಅಂದಿರುತ್ತಾರೆ. ಮುಂದಿನ ವರ್ಷ ಮನೆಯವರೆಲ್ಲ ಕೂತು ಬೇಡವೆಂದು ತೀರ್ಮಾನಿಸಿದರೆ, ಆ ಮಾತನ್ನೇ ಹಿಡಿದು ಗುತ್ತಿಗೆದಾರ ಪರವೂರಿನಲ್ಲಿ ಪಂಚಾಯ್ತಿ ಸೇರಿಸಿ, ಬರಬೇಕಿದ್ದ ಲಾಭವನ್ನೂ ಲೆಕ್ಕಹಾಕಿ ಕೇಳಿದ ಹಾಗೆ ಇದು. ಸರ್ಕಾರದ ವಿಷಯದಲ್ಲಿ ಮಾತು ಕೊಟ್ಟವರು ಒಬ್ಬ ಮಂತ್ರಿ, ಮನಸ್ಸು ಬದಲಾಯಿಸಿದವರು ಮತದಾರರು.

ತೀರ್ಪು ಹೇಳುವವರು, ವಸೂಲಿ ಮಾಡುವವರು

ವ್ಯಾಜ್ಯ ಬಂದಾಗ ಕಂಪನಿ ಒಬ್ಬ ಮಧ್ಯಸ್ಥಗಾರರನ್ನು, ಸರ್ಕಾರ ಒಬ್ಬರನ್ನು ಹೆಸರಿಸುತ್ತದೆ. ಮೂರನೆಯವರು ಇಬ್ಬರ ಒಪ್ಪಿಗೆಯಿಂದಲೋ ಹೊರಗಿನ ಸಂಸ್ಥೆಯ ಮೂಲಕವೋ ಬರುತ್ತಾರೆ. ಇವರು ಯಾವ ದೇಶದ ನ್ಯಾಯಾಂಗಕ್ಕೂ ಸೇರಿದವರಲ್ಲ, ಬಹುಪಾಲು ವಾಣಿಜ್ಯ ವಕೀಲರು ಮತ್ತು ಪ್ರಾಧ್ಯಾಪಕರು. ಒಂದು ಪ್ರಕರಣದಲ್ಲಿ ವಕೀಲರಾಗಿರುವವರೇ ಇನ್ನೊಂದರಲ್ಲಿ ತೀರ್ಪು ಹೇಳುವುದೂ ಈ ಲೋಕದಲ್ಲಿ ನಡೆದುಬಂದಿದೆ. ಕಾನೂನನ್ನು ತಪ್ಪಾಗಿ ಅರ್ಥ ಮಾಡಿಕೊಂಡಿದ್ದಾರೆ ಎಂಬ ಕಾರಣಕ್ಕೆ ಮೇಲ್ಮನವಿ ಹೋಗಲು ಆಗುವುದಿಲ್ಲ. ಬಹಳಷ್ಟು ದಾಖಲೆಗಳು ಗುಟ್ಟಾಗಿಯೇ ಉಳಿದಿವೆ.

ಎಲ್ಲಕ್ಕಿಂತ ದೊಡ್ಡ ಅಂತರ ಇನ್ನೊಂದಿದೆ. ದಾವೆ ಹೂಡುವ ಹಕ್ಕು ಕಂಪನಿಗೆ ಮಾತ್ರ. ಕಂಪನಿ ನದಿ ಕೆಡಿಸಿದರೆ, ಕಾರ್ಮಿಕರ ಕೂಲಿ ನುಂಗಿದರೆ ಊರಿನವರು ಅದೇ ಮಧ್ಯಸ್ಥಿಕೆ ಮಂಡಳಿಗೆ ಹೋಗುವಂತಿಲ್ಲ. ಒಪ್ಪಂದಕ್ಕೆ ಸಹಿ ಹಾಕಿದ ಸರ್ಕಾರಕ್ಕೂ ಹೆಚ್ಚಿನ ಒಪ್ಪಂದಗಳಲ್ಲಿ ಅಲ್ಲಿ ಮೊದಲಾಗಿ ದಾವೆ ಹೂಡಲು ದಾರಿಯಿಲ್ಲ. ಗೆದ್ದರೆ ಸರ್ಕಾರಕ್ಕೆ ಸಿಗುವುದು ಹೆಚ್ಚೆಂದರೆ ಖರ್ಚು.

ತೀರ್ಪು ಬಂದ ಮೇಲೆ ಸರ್ಕಾರ ಕೊಡುವುದಿಲ್ಲ ಎಂದು ಕೂರಲೂ ಆಗದು. 1958ರ ನ್ಯೂಯಾರ್ಕ್ ಒಡಂಬಡಿಕೆಗೆ ಸೇರಿದ ಯಾವ ದೇಶದಲ್ಲಾದರೂ ಕಂಪನಿ ಆ ತೀರ್ಪನ್ನು ಹಿಡಿದುಕೊಂಡು ಹೋಗಿ, ಅಲ್ಲಿರುವ ಸರ್ಕಾರಿ ಸ್ವತ್ತನ್ನು ಜಪ್ತಿ ಮಾಡಿಸಲು ಯತ್ನಿಸಬಹುದು. 2021ರ ಜುಲೈನಲ್ಲಿ ಪ್ಯಾರಿಸ್ಸಿನಲ್ಲಿರುವ ಭಾರತ ಸರ್ಕಾರದ ಕೆಲವು ಆಸ್ತಿಗಳನ್ನು ಕೇರ್ನ್ ಎಂಬ ಬ್ರಿಟಿಷ್ ಕಂಪನಿಯ ಪರವಾಗಿ ಅಲ್ಲಿನ ನ್ಯಾಯಾಲಯ ತಡೆಹಿಡಿದದ್ದು ಹೀಗೆಯೇ.

ಜಗತ್ತಿನಾದ್ಯಂತ ಇಂಥ ಪ್ರಕರಣಗಳು ಈಗ 1,300 ದಾಟಿವೆ. 1990ರಲ್ಲಿ, ಹೂಡಿಕೆ ಒಪ್ಪಂದವೊಂದನ್ನು ಆಧರಿಸಿ ಬಂದ ಮೊದಲ ತೀರ್ಪು ನೆರೆಯ ಶ್ರೀಲಂಕಾದ ಮೇಲೆ. ಅಂತರ್ಯುದ್ಧದ ಕಾಲದಲ್ಲಿ ನಾಶವಾದ ಒಂದು ಸಿಗಡಿ ಸಾಕಣೆ ಕೇಂದ್ರಕ್ಕಾಗಿ.

ಕೊಲಂಬಿಯಾದ ಹುಲ್ಲುಗಾವಲು

ಮತ್ತೆ ಕುದುರೆಮುಖದ ಪ್ರಶ್ನೆ. ಅದಕ್ಕೆ ಹತ್ತಿರದ ಉತ್ತರ ದಕ್ಷಿಣ ಅಮೆರಿಕದಲ್ಲಿದೆ. ಕೊಲಂಬಿಯಾದ ಸಾಂತುರ್ಬಾನ್ ಎಂಬಲ್ಲಿ ಆಂಡಿಸ್ ಪರ್ವತದ ಎತ್ತರದಲ್ಲಿ ಮಂಜನ್ನೂ ಮಳೆಯನ್ನೂ ಹೀರಿ ಹಿಡಿದಿಟ್ಟುಕೊಳ್ಳುವ ಹುಲ್ಲುಗಾವಲುಗಳಿವೆ. ನಮ್ಮ ಶೋಲಾ ಹುಲ್ಲುಗಾವಲು ಮಾಡುವ ಕೆಲಸವನ್ನೇ ಅವೂ ಮಾಡುತ್ತವೆ. ಬುಕಾರಮಾಂಗಾ ನಗರಕ್ಕೆ ಕುಡಿಯುವ ನೀರು ಬರುವುದು ಅಲ್ಲಿಂದ. ಎಕೋ ಓರೋ ಎಂಬ ಕೆನಡಾ ಕಂಪನಿಗೆ ಅಲ್ಲಿ ಚಿನ್ನದ ಗಣಿಯ ಹಕ್ಕು ಸಿಕ್ಕಿತ್ತು. ಜನ ಬೀದಿಗಿಳಿದರು. 2016ರಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯ ಅಂಥ ಹುಲ್ಲುಗಾವಲುಗಳಲ್ಲಿ ಗಣಿಗಾರಿಕೆಯೇ ಕೂಡದು ಎಂದಿತು.

ಕಂಪನಿ ಮಧ್ಯಸ್ಥಿಕೆಗೆ ಹೋಯಿತು. ಕೆನಡಾ–ಕೊಲಂಬಿಯಾ ಒಪ್ಪಂದದಲ್ಲಿ ಪರಿಸರ ರಕ್ಷಣೆಗೆ ವಿನಾಯಿತಿ ಎಂಬ ಸಾಲು ಸ್ಪಷ್ಟವಾಗಿಯೇ ಇತ್ತು. 2021ರಲ್ಲಿ ಮಂಡಳಿಯ ಬಹುಮತ ಹೇಳಿದ್ದೇನೆಂದರೆ: ಪರಿಸರ ಕಾಪಾಡಲು ನಿಮಗೆ ಹಕ್ಕಿದೆ, ಹಾಗೆಂದು ಪರಿಹಾರ ಕೊಡುವ ಹೊಣೆ ತಪ್ಪುವುದಿಲ್ಲ, ಗಡಿ ಗುರುತಿಸುವುದರಲ್ಲಿ ಹಿಂದೆಮುಂದೆ ನೋಡುತ್ತಾ ಕಂಪನಿಯನ್ನು ಸತಾಯಿಸಿದ್ದೀರಿ, ಅದು ಒಪ್ಪಂದದ ಉಲ್ಲಂಘನೆ. ಕೊನೆಗೆ 2024ರಲ್ಲಿ ನಷ್ಟ ಎಷ್ಟೆಂದು ಕಂಪನಿ ಸಾಬೀತು ಮಾಡಲಾಗದೆ ಪರಿಹಾರ ದಕ್ಕಲಿಲ್ಲ. ಕೊಲಂಬಿಯಾ ಬಚಾವಾಯಿತು, ನಿಜ. ಆದರೆ ದೇಶದ ಅತ್ಯುನ್ನತ ನ್ಯಾಯಾಲಯ ಇತ್ಯರ್ಥ ಮಾಡಿದ ಮೇಲೂ ಎಂಟು ವರ್ಷ ಅದು ಕತ್ತಿಯಂಚಿನಲ್ಲಿ ನಿಂತಿತ್ತು.

ನಮ್ಮ ಪ್ರಕರಣವನ್ನು ಅದರ ಪಕ್ಕದಲ್ಲಿಟ್ಟು ನೋಡಿ. ಗುತ್ತಿಗೆ ಮುಗಿದ ಮೇಲೂ ಮತ್ತೆ ಮತ್ತೆ ಕೊಟ್ಟ ತಾತ್ಕಾಲಿಕ ಅನುಮತಿಗಳಿದ್ದವಲ್ಲ, ಅವನ್ನೇ ವಿದೇಶಿ ಕಂಪನಿ ‘ನವೀಕರಣವಾಗುತ್ತದೆ ಎಂಬ ಭರವಸೆ’ ಎಂದು ಮುಂದಿಡುತ್ತಿತ್ತು. ಗೆಲ್ಲುತ್ತಿತ್ತೆಂದು ಯಾರೂ ಖಚಿತವಾಗಿ ಹೇಳಲಾರರು. ಆದರೆ ಅರಣ್ಯ ಇಲಾಖೆಯ ಕಡತದ ಮೇಲೆ ಆಗ ಇನ್ನೊಂದು ಪ್ರಶ್ನೆಯೂ ಬಂದು ಕೂರುತ್ತಿತ್ತು: ಗಣಿ ಮುಚ್ಚಿಸಿದರೆ ದೇಶಕ್ಕೆ ಎಷ್ಟು ಕೋಟಿ ದಂಡ?

ಪಾಕಿಸ್ತಾನಕ್ಕೆ ಈ ಪ್ರಶ್ನೆಯ ಉತ್ತರ ಸಿಕ್ಕಿತು. ಬಲೂಚಿಸ್ತಾನದ ರೆಕೋ ಡಿಕ್ ತಾಮ್ರದ ಗಣಿಯ ಕರಾರನ್ನು ಅಲ್ಲಿನ ಸುಪ್ರೀಂ ಕೋರ್ಟ್ 2013ರಲ್ಲಿ ಅಸಿಂಧು ಎಂದಿತು. 2019ರ ಜುಲೈನಲ್ಲಿ ಮಂಡಳಿ ವಿಧಿಸಿದ ಪರಿಹಾರ 580 ಕೋಟಿ ಡಾಲರ್‌ಗೂ ಮೇಲೆ. ಅದೇ ತಿಂಗಳು ಐಎಂಎಫ್ ಆ ದೇಶವನ್ನು ದಿವಾಳಿಯಿಂದ ಪಾರುಮಾಡಲು ಮಂಜೂರು ಮಾಡಿದ ಸಾಲ 600 ಕೋಟಿ ಡಾಲರ್.

ಸಾಲಗಾಮೆ ರಸ್ತೆಗೆ ಬಂದ ವ್ಯಾಜ್ಯ

ಹಾಸನದವರಿಗೆ ಸಾಲಗಾಮೆ ರಸ್ತೆಯ ಎಂಸಿಎಫ್, ಅಂದರೆ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ, ಹೊಸದಲ್ಲ. 1980ರ ದಶಕದ ಆರಂಭದಿಂದಲೂ ಇಸ್ರೋದ ಭೂಸ್ಥಿರ ಉಪಗ್ರಹಗಳ ಚುಕ್ಕಾಣಿ ಇರುವುದು ಅಲ್ಲಿ. ರಾಕೆಟ್ ಶ್ರೀಹರಿಕೋಟಾದಿಂದ ಹಾರುತ್ತದೆ. ಉಪಗ್ರಹ ಬೇರ್ಪಟ್ಟ ಮೇಲೆ ಅದನ್ನು 36,000 ಕಿ.ಮೀ. ಎತ್ತರದ ಕಕ್ಷೆಗೆ ಏರಿಸಿ, ಅಲ್ಲಿಂದ ಜಾರದಂತೆ ವರ್ಷಗಟ್ಟಲೆ ಕಾಯುವವರು ಹಾಸನದ ಎಂಜಿನಿಯರುಗಳು. 2015ರ ಆಗಸ್ಟ್‌ನಲ್ಲಿ ಹಾರಿದ ಜಿಸ್ಯಾಟ್-6 ಇಂಥದ್ದೊಂದು. ಆ ಉಪಗ್ರಹದ ತರಂಗಾಂತರದ ಸುತ್ತ ನಡೆದದ್ದೇ ದೇವಾಸ್ ಪ್ರಕರಣ.

2005ರ ಜನವರಿಯಲ್ಲಿ ಇಸ್ರೋದ ವಾಣಿಜ್ಯ ಸಂಸ್ಥೆ, ಬೆಂಗಳೂರಿನ ಆಂಟ್ರಿಕ್ಸ್, ದೇವಾಸ್ ಮಲ್ಟಿಮೀಡಿಯಾ ಎಂಬ ಕಂಪನಿಯೊಂದಿಗೆ ಕರಾರು ಮಾಡಿಕೊಂಡಿತು. ಎರಡು ಉಪಗ್ರಹ ಕಟ್ಟಿ, ಅವುಗಳ ಎಸ್-ಬ್ಯಾಂಡ್ ಎಂಬ ತರಂಗಾಂತರ ಸಾಮರ್ಥ್ಯದ ಬಹುಪಾಲನ್ನು ದೇವಾಸ್‌ಗೆ ಬಾಡಿಗೆಗೆ ಕೊಡುವುದು. ದೇವಾಸ್‌ನಲ್ಲಿ ಮಾರಿಷಸ್‌ನ ಹೂಡಿಕೆದಾರರಿದ್ದರು, ಜರ್ಮನಿಯ ಡಾಯ್ಚ ಟೆಲಿಕಾಮ್ ಇತ್ತು. ಬೆಲೆಬಾಳುವ ತರಂಗಾಂತರ ಹರಾಜಿಲ್ಲದೆ ಖಾಸಗಿಯವರ ಕೈಸೇರಿತೆಂಬ ಗದ್ದಲ ಎದ್ದು, 2011ರ ಫೆಬ್ರುವರಿಯಲ್ಲಿ ಕೇಂದ್ರ ಸಂಪುಟದ ಭದ್ರತಾ ಸಮಿತಿ ಕರಾರು ರದ್ದುಮಾಡಿತು. ಸೇನೆಗೂ ಇತರ ಅಗತ್ಯಗಳಿಗೂ ಆ ತರಂಗಾಂತರ ಬೇಕು ಎಂಬುದು ಕೊಟ್ಟ ಕಾರಣ.

ಒಂದೇ ಕರಾರಿನ ಮೇಲೆ ಮೂರು ಕಡೆ ಮಧ್ಯಸ್ಥಿಕೆ ನಡೆಯಿತು. ದೇವಾಸ್ ಕಂಪನಿ ಆಂಟ್ರಿಕ್ಸ್ ಮೇಲೆ ವಾಣಿಜ್ಯ ಮಧ್ಯಸ್ಥಿಕೆಗೆ ಹೋಗಿ 2015ರಲ್ಲಿ 56.25 ಕೋಟಿ ಡಾಲರ್ ಗೆದ್ದಿತು. ಮಾರಿಷಸ್ ಹೂಡಿಕೆದಾರರು ಭಾರತ–ಮಾರಿಷಸ್ ಒಪ್ಪಂದದಡಿ ಹೋದರು. ಜರ್ಮನ್ ಕಂಪನಿ ಭಾರತ–ಜರ್ಮನಿ ಒಪ್ಪಂದದಡಿ ಹೋಯಿತು. ಇಬ್ಬರೂ ಗೆದ್ದರು. 2020ರಲ್ಲಿ ಒಬ್ಬರಿಗೆ 11 ಕೋಟಿ, ಇನ್ನೊಬ್ಬರಿಗೆ 9 ಕೋಟಿ ಡಾಲರ್ ದಾಟಿದ ಪರಿಹಾರ, ಮೇಲೆ ಬಡ್ಡಿ. ಮಾರಿಷಸ್ ಪ್ರಕರಣದ ಮಂಡಳಿ ಮಾಡಿದ ಒಂದು ಭಾಗಾಕಾರ ಇಲ್ಲಿ ನೆನಪಿಡತಕ್ಕದ್ದು. ತರಂಗಾಂತರದ ಶೇ 60ರಷ್ಟನ್ನು ದೇಶದ ಭದ್ರತೆಗೆಂದು ವಾಪಸ್ ಪಡೆದದ್ದು ಸರಿ, ಉಳಿದ ಶೇ 40 ಸ್ವಾಧೀನಕ್ಕೆ ಸಮ ಎಂದು ಅದು ಹೇಳಿತು. ನಮ್ಮ ದೇಶದ ಭದ್ರತೆಗೆ ಎಷ್ಟು ತರಂಗಾಂತರ ಸಾಕು ಎಂಬುದನ್ನು ಮೂವರು ಖಾಸಗಿ ವ್ಯಕ್ತಿಗಳು ಬಹುಮತದಿಂದ ಅಳೆದು ಹೇಳಿದರು.

2022ರ ಜನವರಿಯಲ್ಲಿ ನಮ್ಮ ಸುಪ್ರೀಂ ಕೋರ್ಟ್, ದೇವಾಸ್ ಕಂಪನಿ ಹುಟ್ಟಿದ್ದೇ ವಂಚನೆಗಾಗಿ ಎಂದು ಹೇಳಿ ಅದನ್ನು ಮುಚ್ಚುವ ಆದೇಶವನ್ನು ಎತ್ತಿಹಿಡಿಯಿತು. ವಿದೇಶದಲ್ಲಿ ವಸೂಲಿ ಪ್ರಯತ್ನ ಅದರಿಂದ ನಿಲ್ಲಲಿಲ್ಲ. ಪ್ಯಾರಿಸ್, ಕೆನಡಾ, ಅಮೆರಿಕಗಳಲ್ಲಿ ಹೂಡಿಕೆದಾರರು ಭಾರತದ ಸ್ವತ್ತು ಹುಡುಕುತ್ತಾ ಹೋದರು. 2025ರ ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಆಂಟ್ರಿಕ್ಸ್ ವಿರುದ್ಧದ ವಸೂಲಿ ಅರ್ಜಿಯ ವಿಚಾರಣೆಗೆ ಅಡ್ಡವಾಗಿದ್ದ ಒಂದು ತಡೆಯನ್ನು ತೆಗೆದುಹಾಕಿತು.

ಕರಾರು ಕೊಟ್ಟ ರೀತಿಯಲ್ಲಿ ಅಕ್ರಮವಿತ್ತೇ, ರದ್ದುಮಾಡಿದ ರೀತಿಯಲ್ಲಿ ಎಡವಟ್ಟಾಯಿತೇ ಎಂಬುದನ್ನು ಸಂಸತ್ತಿನಲ್ಲಿ, ಚುನಾವಣೆಯಲ್ಲಿ, ಕೋರ್ಟಿನಲ್ಲಿ ನಾವು ಕೇಳಬಹುದು, ಕೇಳಿದೆವು ಕೂಡ. ಆ ಮೂರಕ್ಕೂ ಹೊರಗೆ ನಿಂತ ನಾಲ್ಕನೆಯ ಜಾಗವೊಂದು ಬಿಲ್ ಕಳಿಸುತ್ತದೆ, ಆ ಬಿಲ್ ತೆರಿಗೆದಾರರ ಮೇಲೆ ಬರುತ್ತದೆ.

ಕಂಪನಿಗಳ ದೂರಿನಲ್ಲೂ ನಿಜವಿದೆ

ಹೂಡಿಕೆದಾರರೆಲ್ಲ ಕೆಟ್ಟವರು, ಸರ್ಕಾರ ಮಾಡಿದ್ದೆಲ್ಲ ಸರಿ ಎಂದು ಬರೆದರೆ ಅದು ಸುಳ್ಳಾಗುತ್ತದೆ. 2012ರಲ್ಲಿ ವೊಡಾಫೋನ್ ತೆರಿಗೆ ಪ್ರಕರಣದಲ್ಲಿ ಸೋತ ಕೇಂದ್ರ ಸರ್ಕಾರ, ಅದೇ ವರ್ಷ ಹಣಕಾಸು ಕಾಯ್ದೆಯ ಮೂಲಕ ಕಾನೂನನ್ನು ಹಿಂದಿನ ದಿನಾಂಕದಿಂದ ಬದಲಿಸಿತು. ಸುಪ್ರೀಂ ಕೋರ್ಟ್ ಕೊಡಬೇಕಿಲ್ಲ ಎಂದ ತೆರಿಗೆಯನ್ನು ಹಿಂದಿನಿಂದ ಬಂದು ಕೇಳುವುದು ಯಾರಿಗಾದರೂ ಅನ್ಯಾಯವೇ. 2020ರಲ್ಲಿ ವೊಡಾಫೋನ್, ಅದೇ ಬಗೆಯ ತೆರಿಗೆಗೆ ಸಿಕ್ಕಿದ್ದ ಕೇರ್ನ್ ಎರಡೂ ಮಧ್ಯಸ್ಥಿಕೆಯಲ್ಲಿ ಗೆದ್ದವು. ಕೇರ್ನ್‌ಗೆ ಸಿಕ್ಕಿದ್ದು 120 ಕೋಟಿ ಡಾಲರ್. ಪ್ಯಾರಿಸ್ಸಿನ ಆಸ್ತಿಗೆ ಕುತ್ತು ಬಂದ ಮರುತಿಂಗಳು, 2021ರ ಆಗಸ್ಟ್‌ನಲ್ಲಿ, ಸಂಸತ್ತು ಆ ಹಿಂದಿನ ದಿನಾಂಕದ ತೆರಿಗೆಯನ್ನು ಕೈಬಿಟ್ಟಿತು. ಕೇರ್ನ್‌ಗೆ ಸುಮಾರು 7,900 ಕೋಟಿ ರೂಪಾಯಿ ವಾಪಸಾಯಿತು. ಕಾನೂನು ಸರಿಹೋದದ್ದು ಒಳ್ಳೆಯದೇ. ಒಂಬತ್ತು ವರ್ಷ ನಮ್ಮವರೇ ಹೇಳಿದರೂ ಕದಲದವರು ಪ್ಯಾರಿಸ್ಸಿನಿಂದ ಬಂದ ಆದೇಶಕ್ಕೆ ಒಂದೇ ತಿಂಗಳಲ್ಲಿ ಕದಲಿದ್ದು ಬೇಸರದ ಸಂಗತಿ.

ಭಾರತ ಈ ವ್ಯವಸ್ಥೆಯಲ್ಲಿ ಮೊದಲು ಸೋತದ್ದು 2011ರಲ್ಲಿ, ವೈಟ್ ಇಂಡಸ್ಟ್ರೀಸ್ ಎಂಬ ಆಸ್ಟ್ರೇಲಿಯಾ ಕಂಪನಿಗೆ. ಕೋಲ್ ಇಂಡಿಯಾ ಜೊತೆಗಿನ ಗಣಿ ಕರಾರಿನ ಜಗಳದಲ್ಲಿ ಆ ಕಂಪನಿ 2002ರಲ್ಲೇ ವಾಣಿಜ್ಯ ಮಧ್ಯಸ್ಥಿಕೆ ಗೆದ್ದಿತ್ತು. ದುಡ್ಡು ಮಾತ್ರ ಬರಲಿಲ್ಲ; ಪ್ರಕರಣ ಕಲ್ಕತ್ತಾ ಹೈಕೋರ್ಟು, ಸುಪ್ರೀಂ ಕೋರ್ಟುಗಳಲ್ಲಿ ಸಿಕ್ಕಿಕೊಂಡಿತು. ಒಂಬತ್ತು ವರ್ಷದ ವಿಳಂಬವೇ ಒಪ್ಪಂದದ ಉಲ್ಲಂಘನೆ ಎಂದು ಮಂಡಳಿ ತೀರ್ಮಾನಿಸಿತು. ಭಾರತ–ಆಸ್ಟ್ರೇಲಿಯಾ ಒಪ್ಪಂದದಲ್ಲಿ ಇಲ್ಲದ ಸಾಲೊಂದನ್ನು ಭಾರತ–ಕುವೈತ್ ಒಪ್ಪಂದದಿಂದ ಎರವಲು ತಂದು ಅದು ಈ ತೀರ್ಪು ಕೊಟ್ಟಿತು. ಒಬ್ಬರಿಗೆ ಕೊಟ್ಟ ಅನುಕೂಲ ಎಲ್ಲರಿಗೂ ಎಂಬ ಷರತ್ತು ಅಷ್ಟು ದೂರ ಕೈಚಾಚಬಲ್ಲದು.

ನಮ್ಮ ಕೋರ್ಟುಗಳಲ್ಲಿ ವಿಳಂಬವಿದೆ ಎಂದು ಹಾಸನ ಜಿಲ್ಲೆಯವರಿಗೆ ಆಸ್ಟ್ರೇಲಿಯಾದವರು ಹೇಳಿಕೊಡಬೇಕಿಲ್ಲ. ಗೊರೂರಿನ ಹೇಮಾವತಿ ಅಣೆಕಟ್ಟೆಗೆ ಮನೆ, ಗದ್ದೆ ಬಿಟ್ಟುಕೊಟ್ಟ ಕುಟುಂಬಗಳ ಮೊಮ್ಮಕ್ಕಳು ಬದಲಿ ಜಮೀನಿನ ದಾಖಲೆಗಾಗಿ ಇವತ್ತಿಗೂ ಕಚೇರಿ ಅಲೆಯುತ್ತಿದ್ದಾರೆ. ಪಹಣಿ ಒಬ್ಬರ ಹೆಸರಲ್ಲಿ, ಸ್ವಾಧೀನ ಇನ್ನೊಬ್ಬರ ಕೈಯಲ್ಲಿ, ಕಡತ ಮತ್ತೊಂದು ಮೇಜಿನ ಮೇಲೆ. ಅವರ ಒಂಬತ್ತು ವರ್ಷಕ್ಕೆ, ಮೂವತ್ತು ವರ್ಷಕ್ಕೆ ಪರಿಹಾರ ಕೊಡಿಸುವ ಮಂಡಳಿ ಹೇಗ್‌ನಲ್ಲೂ ಇಲ್ಲ, ಬೆಂಗಳೂರಿನಲ್ಲೂ ಇಲ್ಲ. ನನಗೆ ಈ ಕಾನೂನಿನ ಬಗ್ಗೆ ಇರುವ ತಕರಾರಿನ ತಿರುಳು ಇದು. ಕಾಯುವ ಸಾಲು ಎಲ್ಲರಿಗೂ ಉದ್ದವಾಗಿದ್ದರೆ ಸಾಲನ್ನು ಚಿಕ್ಕದು ಮಾಡಬೇಕು. ಪಾಸ್‌ಪೋರ್ಟ್ ನೋಡಿ ಕೆಲವರನ್ನು ಹಿಂಬಾಗಿಲಿನಿಂದ ಒಳಗೆ ಬಿಟ್ಟರೆ, ಮುಂಬಾಗಿಲು ಸರಿಮಾಡಿ ಎಂದು ಗಟ್ಟಿಯಾಗಿ ಕೇಳುವ ಶಕ್ತಿ ಇರುವವರೇ ಸಾಲಿನಿಂದ ಹೊರಟುಹೋಗುತ್ತಾರೆ.

ತೀರ್ಪಿಗೂ ಮೊದಲೇ ಆಗುವ ಹಾನಿ

ಅರಕಲಗೂಡು ತಾಲ್ಲೂಕಿನ ರಾಮನಾಥಪುರದ ತಂಬಾಕು ಹರಾಜು ಮಾರುಕಟ್ಟೆಗೆ ಬೇಲ್ ಹೊತ್ತು ಬರುವ ರೈತರಿಗೆ ಸಿಗರೇಟ್ ಪ್ಯಾಕಿನ ಮೇಲಿನ ಚಿತ್ರದ ಅಳತೆಯೂ ಬದುಕಿನ ಪ್ರಶ್ನೆಯೇ. ಪ್ಯಾಕಿನ ಶೇ 85ರಷ್ಟು ಭಾಗದಲ್ಲಿ ಎಚ್ಚರಿಕೆಯ ಚಿತ್ರ ಇರಬೇಕೆಂಬ ನಿಯಮ 2016ರ ಏಪ್ರಿಲ್‌ನಿಂದ ಜಾರಿಯಾದಾಗ ತಂಬಾಕು ಉದ್ಯಮ ಕೋರ್ಟಿಗೆ ಹೋಯಿತು. 2017ರ ಡಿಸೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟ್ ನಿಯಮವನ್ನು ರದ್ದುಮಾಡಿತು. ಮರುತಿಂಗಳು ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಟ್ಟಿತು. ಬೆಳೆಗಾರರ ಹೊಟ್ಟೆಪಾಡು, ಸೇದುವವರ ಶ್ವಾಸಕೋಶ ಎರಡನ್ನೂ ತೂಗುವ ಜಾಗ ನಮ್ಮ ನೆಲದಲ್ಲೇ ಇತ್ತು.

ಉರುಗ್ವೆಗೆ ಆ ಭಾಗ್ಯ ಇರಲಿಲ್ಲ. ಸುಮಾರು 35 ಲಕ್ಷ ಜನರ ಆ ದೇಶದಲ್ಲಿ ಕ್ಯಾನ್ಸರ್ ವೈದ್ಯ ತಬರೆ ವಾಸ್ಕೆಸ್ ಅಧ್ಯಕ್ಷರಾಗಿದ್ದಾಗ ಪ್ಯಾಕಿನ ಶೇ 80ರಷ್ಟು ಭಾಗಕ್ಕೆ ಎಚ್ಚರಿಕೆ ಕಡ್ಡಾಯವಾಯಿತು. 2010ರಲ್ಲಿ ಫಿಲಿಪ್ ಮಾರಿಸ್, ಸ್ವಿಟ್ಜರ್ಲೆಂಡಿನ ಜೊತೆಗಿನ ಒಪ್ಪಂದ ಹಿಡಿದು ದಾವೆ ಹೂಡಿತು. 2016ರಲ್ಲಿ ಉರುಗ್ವೆ ಗೆದ್ದಿತು, 70 ಲಕ್ಷ ಡಾಲರ್ ಖರ್ಚೂ ಬಂತು. ಅಷ್ಟು ವರ್ಷ ಹೋರಾಡಲು ಅಮೆರಿಕದ ದತ್ತಿ ಸಂಸ್ಥೆಯೊಂದು ಹಣದ ನೆರವು ಕೊಡಬೇಕಾಯಿತು. ಅದೇ ಹೊತ್ತಿಗೆ ಆಸ್ಟ್ರೇಲಿಯಾದ ಮೇಲೂ ಕಂಪನಿ ದಾವೆ ಹಾಕಿತ್ತು. ಆಸ್ಟ್ರೇಲಿಯಾದ ವ್ಯಾಜ್ಯ ಏನಾಗುತ್ತದೋ ನೋಡೋಣ ಎಂದು ನ್ಯೂಜಿಲೆಂಡ್ ತನ್ನ ಸಿಗರೇಟ್ ಪ್ಯಾಕಿನ ಕಾನೂನನ್ನು ವರ್ಷಗಟ್ಟಲೆ ಮುಂದೂಡಿತು. ನ್ಯೂಜಿಲೆಂಡಿನ ಮೇಲೆ ಯಾರೂ ದಾವೆ ಹಾಕಿರಲಿಲ್ಲ. ಗೆದ್ದ ಪ್ರಕರಣ, ಸೋತ ಪ್ರಕರಣಗಳ ಲೆಕ್ಕದಲ್ಲಿ ಇಂಥ ಹಿಂಜರಿಕೆ ಎಲ್ಲೂ ಕಾಣಿಸುವುದಿಲ್ಲ.

ಕೆನಡಾದ ನೋವಾ ಸ್ಕೋಷಿಯಾದಲ್ಲಿ ನಡೆದದ್ದು ಕಲ್ಲು ಕ್ವಾರಿಯ ಗಲಾಟೆ ಕಂಡ ಊರುಗಳಿಗೆ ಥಟ್ಟನೆ ಅರ್ಥವಾಗುತ್ತದೆ. ಕಡಲೇಡಿ (ಲಾಬ್‌ಸ್ಟರ್) ಹಿಡಿದು ಬದುಕುವ ಜನರ ಕಡಲತೀರದಲ್ಲಿ ಬಿಲ್ಕಾನ್ ಎಂಬ ಅಮೆರಿಕದ ಕಂಪನಿಗೆ ಕಲ್ಲು ಒಡೆಯಬೇಕಿತ್ತು. ನಮ್ಮಲ್ಲಿ ಮಾಲಿನ್ಯ ನಿಯಂತ್ರಣ ಮಂಡಳಿ ನಡೆಸುವ ಸಾರ್ವಜನಿಕ ಅಹವಾಲು ಸಭೆಯಂತೆಯೇ ಅಲ್ಲೂ ತಜ್ಞರ ಸಮಿತಿ ಊರವರ ಮಾತು ಕೇಳಿತು. ಈ ಕ್ವಾರಿ ಇಲ್ಲಿನ ಜನ ಬಾಳಿಬಂದ ರೀತಿಗೆ ಹೊಂದುವುದಿಲ್ಲ ಎಂದು 2007ರಲ್ಲಿ ಶಿಫಾರಸು ಮಾಡಿತು, ಸರ್ಕಾರ ಒಪ್ಪಿತು. 2015ರಲ್ಲಿ ಮಧ್ಯಸ್ಥಿಕೆ ಮಂಡಳಿಯ ಇಬ್ಬರು ಅದು ಒಪ್ಪಂದದ ಉಲ್ಲಂಘನೆ ಎಂದರು. ಮೂರನೆಯವರು ಭಿನ್ನಮತ ಬರೆದು, ಇದು ದೇಶದ ಒಳಗಿನ ಅಧಿಕಾರದೊಳಕ್ಕೆ ದೊಡ್ಡ ಅತಿಕ್ರಮಣ ಎಂದು ಎಚ್ಚರಿಸಿದರು. ಕೊನೆಗೆ ಕೆನಡಾ ಕೊಡಬೇಕಾಗಿ ಬಂದದ್ದು 70 ಲಕ್ಷ ಡಾಲರ್. ಕೆನಡಾದಂಥ ಶ್ರೀಮಂತ ದೇಶಕ್ಕೇ ಹೀಗಾದರೆ, ಅಹವಾಲು ಸಭೆಯಲ್ಲಿ ಎದ್ದುನಿಂತು ಮಾತಾಡುವ ಹೆಣ್ಣುಮಗಳ ಮಾತಿಗೆ ನಮ್ಮಲ್ಲಿ ಎಷ್ಟು ಬೆಲೆ ಉಳಿದೀತು?

ಭಾರತ ಮಾಡಿದ್ದು, ಈಗ ಮಾಡಹೊರಟಿದ್ದು

ವೈಟ್ ಇಂಡಸ್ಟ್ರೀಸ್ ಸೋಲಿನ ನಂತರ ಭಾರತ ಎಚ್ಚೆತ್ತುಕೊಂಡಿತು. 2015ರಲ್ಲಿ ಹೊಸ ಮಾದರಿ ಒಪ್ಪಂದ ಸಿದ್ಧವಾಯಿತು. ‘ನ್ಯಾಯಯುತ ನಡವಳಿಕೆ’ ಎಂಬ ಎಳೆದಷ್ಟೂ ಹಿಗ್ಗುವ ಮಾತನ್ನು ಅದರಲ್ಲಿ ತೆಗೆದುಹಾಕಲಾಗಿದೆ. ತೆರಿಗೆ ಅದರ ವ್ಯಾಪ್ತಿಗೆ ಬರುವುದಿಲ್ಲ. ಕಂಪನಿ ಮೊದಲು ಐದು ವರ್ಷ ಇಲ್ಲಿನ ನ್ಯಾಯಾಲಯಗಳಲ್ಲೇ ಪರಿಹಾರ ಹುಡುಕಬೇಕು. 2016–17ರಲ್ಲಿ 58 ದೇಶಗಳಿಗೆ ಹಳೆಯ ಒಪ್ಪಂದ ಮುಗಿಸುವ ನೋಟಿಸ್ ಹೋಯಿತು. ಒಪ್ಪಂದ ಮುಗಿದರೂ ಅಷ್ಟರೊಳಗೆ ಬಂದ ಹೂಡಿಕೆಗೆ ಇನ್ನೂ 10–15 ವರ್ಷ ರಕ್ಷಣೆ ಇರುತ್ತದೆಂದು ಅವುಗಳಲ್ಲೇ ಬರೆದಿದೆ. ಹಾಗಾಗಿ 2030ರ ದಶಕದವರೆಗೂ ಅವುಗಳ ಬಾಲ ನಮ್ಮನ್ನು ಬಿಡುವುದಿಲ್ಲ. 1990ರ ದಶಕದಲ್ಲಿ ಸಹಿ ಹಾಕಿದ ಸರ್ಕಾರವೊಂದು, ಆಗ ಹುಟ್ಟಿರದ ಮತದಾರರ ಕೈಯನ್ನೂ ಕಟ್ಟಿಹಾಕಿತ್ತು.

ಈಗ ಗಾಳಿ ಮತ್ತೆ ತಿರುಗಿದೆ. 2024ರಲ್ಲಿ ಯುಎಇ ಜೊತೆ ಮಾಡಿಕೊಂಡ ಒಪ್ಪಂದದಲ್ಲಿ ಐದು ವರ್ಷ ಮೂರಕ್ಕೆ ಇಳಿಯಿತು. ಷೇರುಪೇಟೆಯ ಹೂಡಿಕೆಗೂ ರಕ್ಷಣೆ ಸಿಕ್ಕಿತು. ಮಾದರಿ ಒಪ್ಪಂದವನ್ನು ಹೂಡಿಕೆದಾರ ಸ್ನೇಹಿಯಾಗಿ ತಿದ್ದುತ್ತೇವೆ ಎಂದು 2025ರ ಕೇಂದ್ರ ಬಜೆಟ್ ಘೋಷಿಸಿದೆ.

ಒಪ್ಪಂದ ಇಲ್ಲದಿದ್ದರೆ ಬಂಡವಾಳ ಬಾರದು ಎಂಬ ವಾದಕ್ಕೆ ಬ್ರೆಜಿಲ್ ಕಡೆ ನೋಡಬೇಕು. 1990ರ ದಶಕದಲ್ಲಿ ಅಲ್ಲಿನ ಸರ್ಕಾರ ಇಂಥ ಹಲವು ಒಪ್ಪಂದಗಳಿಗೆ ಸಹಿ ಹಾಕಿತು. ಅವು ಜಾರಿಯಾಗಲು ಅಲ್ಲಿನ ಸಂಸತ್ತು ಒಪ್ಪಬೇಕಿತ್ತು, ಅದು ಒಪ್ಪಲಿಲ್ಲ. ಆದರೂ ವಿದೇಶಿ ಬಂಡವಾಳ ಹೆಚ್ಚು ಹರಿದುಬಂದ ದೇಶಗಳ ಸಾಲಿನಲ್ಲಿ ಬ್ರೆಜಿಲ್ ಇದೆ. ನಮ್ಮದೇ ಉದಾಹರಣೆಯೂ ಇದೆ: ಸ್ವಿಟ್ಜರ್ಲೆಂಡ್, ನಾರ್ವೆ ಇರುವ ಇಎಫ್‌ಟಿಎ ಕೂಟದೊಂದಿಗೆ 2024ರ ಮಾರ್ಚ್‌ನಲ್ಲಿ ಆದ ಒಪ್ಪಂದದಲ್ಲಿ 15 ವರ್ಷದಲ್ಲಿ 10,000 ಕೋಟಿ ಡಾಲರ್ ಹೂಡಿಕೆಯ ಗುರಿ ಇದೆ, ಸರ್ಕಾರದ ಮೇಲೆ ಕಂಪನಿ ದಾವೆ ಹೂಡುವ ಅವಕಾಶ ಇಲ್ಲ.

ವಿದೇಶಿ ಹಣ ಬೇಡ ಎನ್ನುವವನು ನಾನಲ್ಲ. ಕಾಫಿ ಬೆಳೆದು ಇಟಲಿಗೆ, ಜರ್ಮನಿಗೆ ಮಾರುವ ಜಿಲ್ಲೆಗಳು ನಮ್ಮವು. ಹೊರಗಿನವರ ಜೊತೆ ವ್ಯವಹಾರ ನಮಗೆ ಹೊಸದಲ್ಲ. ಪಶ್ಚಿಮ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ ಕರಡು ಅಧಿಸೂಚನೆ ಬಂದಾಗಲೆಲ್ಲ ಮೂಡಿಗೆರೆ, ಶೃಂಗೇರಿ, ಸಕಲೇಶಪುರದಲ್ಲಿ ಎಷ್ಟು ಜೋರು ಚರ್ಚೆಯಾಗುತ್ತದೆ! ಗ್ರಾಮಸಭೆಗಳಲ್ಲಿ ಠರಾವಾಗುತ್ತದೆ, ಶಾಸಕರನ್ನು ಜನ ತಡೆದು ಕೇಳುತ್ತಾರೆ. ಅದೇ ಗುಡ್ಡದ ಮೇಲೆ ಅಷ್ಟೇ ಪರಿಣಾಮ ಬೀರಬಲ್ಲ ಹೂಡಿಕೆ ಒಪ್ಪಂದದ ಕರಡು ಯಾವ ಗ್ರಾಮಸಭೆಗೂ ಬರುವುದಿಲ್ಲ, ಯಾವ ಶಾಸಕರಿಗೂ ಅದರ ಪ್ರತಿ ಸಿಗುವುದಿಲ್ಲ.

2021ರಲ್ಲಿ ಸಂಸತ್ತಿನ ವಿದೇಶಾಂಗ ವ್ಯವಹಾರಗಳ ಸ್ಥಾಯಿ ಸಮಿತಿ ಈ ಒಪ್ಪಂದಗಳ ಬಗ್ಗೆಯೇ ಒಂದು ವರದಿ ಕೊಟ್ಟಿತು. ಸಂಸದರಿಗೆ ಇದು ಗೊತ್ತಿಲ್ಲದ ವಿಷಯವಲ್ಲ ಎಂದಾಯಿತು. ಹಾಸನ ಮತ್ತು ಉಡುಪಿ–ಚಿಕ್ಕಮಗಳೂರು ಸಂಸದರನ್ನು ಈಗಲೇ ಕೇಳಬೇಕು: ತಿದ್ದಿದ ಮಾದರಿಯ ಕರಡು ಸಹಿಗೆ ಮುಂಚೆ ಲೋಕಸಭೆಯ ಮೇಜಿಗೆ ಬರುತ್ತದೆಯೇ? ಕರ್ನಾಟಕ ಸರ್ಕಾರದ ಅಭಿಪ್ರಾಯ ಪಡೆದಿದ್ದಾರೆಯೇ? ಕರಡು ಕೈಗೆ ಸಿಕ್ಕರೆ ಮೊದಲು ನೋಡಬೇಕಾದ ಸಾಲುಗಳೂ ಗೊತ್ತೇ ಇವೆ. ಸ್ಥಳೀಯ ನ್ಯಾಯಾಲಯದಲ್ಲಿ ಎಷ್ಟು ವರ್ಷ ನಡೆಸಬೇಕೆಂದಿದೆ, ಪರಿಸರ ಮತ್ತು ಆರೋಗ್ಯದ ಕಾನೂನಿಗೆ ಕೊಟ್ಟ ವಿನಾಯಿತಿ ಪರಿಹಾರದ ಹೊಣೆಯಿಂದಲೂ ಬಿಡಿಸುತ್ತದೆಯೋ ಇಲ್ಲವೋ, ಬಾಧಿತ ಊರಿನವರು ವಿಚಾರಣೆಯಲ್ಲಿ ಮಾತಾಡಬಹುದೋ ಇಲ್ಲವೋ, ಒಪ್ಪಂದ ಮುಗಿದ ಮೇಲೆ ಅದರ ಬಾಲ ಎಷ್ಟು ವರ್ಷ ಉದ್ದ.